ಅಯೋವಾದಲ್ಲಿ ಮಗಳು ಒಂಟಿಯಾಗ್ತಾಳಾ?

ಪ್ರಶ್ನೆ: ಅಮೆರಿಕದ ಅಯೋವಾ ರಾಜ್ಯದ ಸ್ಟಾರ್ಮ್ ಲೇಕ್ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ ಮಗಳಿಗೆ ಸೀಟು ಸಿಕ್ಕಿದೆ. ನಮ್ಮವರು ಯಾರೂ ಇಲ್ಲದ ಕಡೆ ಹೇಗಿರ್ತಾಳೆ? ಖರ್ಚಿಗೆ ಹೊರಗೆ ಕೆಲಸ ಮಾಡಬಹುದಾ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಊರು ಸಣ್ಣದಾದರೂ ಅಲ್ಲಿ ಬಗೆಬಗೆಯ ಜನ ಇದ್ದಾರೆ, ಧೈರ್ಯವಾಗಿರಿ ತಾಯಿ. 1975ರಲ್ಲಿ ಗವರ್ನರ್ ರಾಬರ್ಟ್ ರೇ ಆಗ್ನೇಯ ಏಷ್ಯಾದ ತೈ ಡಾಮ್ ಜನಾಂಗದ ನಿರಾಶ್ರಿತರನ್ನು ಅಯೋವಾಕ್ಕೆ ಬರಮಾಡಿಕೊಂಡರು. ಮುಂದೆ ಸ್ಟಾರ್ಮ್ ಲೇಕ್‌ನ ಮಾಂಸ ಸಂಸ್ಕರಣೆ ಕಾರ್ಖಾನೆಗಳಿಗೆ ಲಾವೋಸ್, ಮೆಕ್ಸಿಕೊ ಕಡೆಯವರು ಬಂದು ನೆಲೆಸಿದರು. ಹಾಗಾಗಿ ಹಸಿಮೆಣಸಿನಕಾಯಿ, ಕೊತ್ತಂಬರಿ, ಹುಣಸೆಹಣ್ಣಿಗೆಲ್ಲ ಅವರ ಅಂಗಡಿಗಳೇ ಸಾಕು. ಚಳಿಗಾಲದಲ್ಲಿ ದೋಸೆಹಿಟ್ಟು ಹುದುಗು ಬರುವುದಿಲ್ಲ. ಓವನ್ ಬಿಸಿ ಮಾಡದೆ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಇಟ್ಟರೆ ಚೆನ್ನಾಗಿ ಉಬ್ಬುತ್ತದೆ.

ಕೆಲಸದ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ, ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ ಹೆಚ್ಚೆಂದರೆ 20 ಗಂಟೆ. 'ಕ್ಯಾಶ್ ಕೊಡ್ತೀವಿ ಬಾ' ಎನ್ನುವ ಹೊರಗಿನ ಹೋಟೆಲಿಗೆ ಹೋದರೆ ವೀಸಾಕ್ಕೇ ಕುತ್ತು. ಮನೆ ಬದಲಿಸಿದರೆ 10 ದಿನದೊಳಗೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೊಸ ವಿಳಾಸ ಕೊಡಬೇಕು, ಮರೆತುಹೋಗುವುದು ಇದೇ. ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರವನ್ನು ಸೂಟ್‌ಕೇಸಿಗೆ ತುಂಬಬೇಡಿ, ಕೈಚೀಲದಲ್ಲಿರಲಿ. ವಲಸೆ ಅಧಿಕಾರಿ ಅದನ್ನು ಕೇಳುವುದು ಲಗೇಜ್ ಕೈಗೆ ಬರುವ ಮೊದಲೇ.