ಕಾಲನ್ನೇ ಒಲೆಗಿಟ್ಟ ದೆವ್ವ ಮತ್ತು ನಿಮ್ಮ ಗೆಳೆಯರು

ನಮಸ್ಕಾರ. ವಿಠ್ಠಲಾಚಾರ್ಯರ ಮಾಯಾಜಾಲದ ಸಿನಿಮಾಗಳು, ರಾಜ್‌ಕುಮಾರ್ ಅವರ ಸಿಐಡಿ 999 ಪತ್ತೇದಾರಿ ಸಿನಿಮಾಗಳು ನಿಮಗೆ ನಿಜವಾಗಿಯೂ ಇಷ್ಟ ಅಂತ ಬರೆದಿದ್ದೀರಿ. ಆದರೆ ಗೆಳೆಯರ ಜೊತೆ ಕೂತರೆ ಅವರು ಟೈಟಲ್ ಕಾರ್ಡಿನಿಂದಲೇ ಆಡಿಕೊಳ್ಳೋಕೆ ಶುರು ಮಾಡುತ್ತಾರೆ, ಮುಜುಗರಕ್ಕೆ ನೀವೂ ನಗುತ್ತೀರಿ. 'ನನ್ನ ಟೇಸ್ಟೇ ಸರಿ ಇಲ್ವಾ ಸಾರ್?' ಅಂತ ಕೇಳಿದ್ದೀರಿ.

ಸರಿಯಾಗೇ ಇದೆ. ಮುಂದಿನ ಸಲ ನಗು ಬಂದಾಗ ಮಾತ್ರ ನಗಿ.

ವಿಠ್ಠಲಾಚಾರ್ಯರ 1978ರ ತೆಲುಗು 'ಜಗನ್ಮೋಹಿನಿ'ಯನ್ನೇ ತಗೊಳ್ಳಿ. ಅದರಲ್ಲಿ ದೆವ್ವ ಸೌದೆ ಬದಲು ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುತ್ತದೆ. ತಮಾಷೆಯಾಗಿದೆ, ಇಲ್ಲ ಅನ್ನಲ್ಲ. ಆದರೆ ಎಂಥ ಐಡಿಯಾ ಅದು! ದೆವ್ವ ಅಂದ ತಕ್ಷಣ ಕೂದಲು ಬಿಚ್ಚಿಸಿ ಕಿರುಚಿಸುವುದು ಯಾರಿಗಾದರೂ ಹೊಳೆಯುತ್ತದೆ. ದಿನಾ ನೋಡುವ ಒಲೆ ಮುಂದೆ ಅದನ್ನು ಕೂರಿಸಿ ಇಂಥ ಕೆಲಸ ಮಾಡಿಸೋಕೆ ಬೇರೆಯೇ ತಲೆ ಬೇಕು. ಉಡುಪಿ ಕಡೆಯ ವಿಠ್ಠಲಾಚಾರ್ಯರು ಮೊದಲು ಶಂಕರ್ ಸಿಂಗ್ ಜೊತೆ ಸೇರಿ ಮಹಾತ್ಮ ಪಿಕ್ಚರ್ಸ್ ಹೆಸರಲ್ಲಿ ಕನ್ನಡ ಸಿನಿಮಾ ಮಾಡಿದವರು. ಆಮೇಲೆ ಮದ್ರಾಸಿಗೆ ಹೋಗಿ ತೆಲುಗಿನಲ್ಲಿ ದೊಡ್ಡ ಹೆಸರಾದರು.

ಆ ಕಾಲದ ಟ್ರಿಕ್ ಹೇಗಿತ್ತು ಗೊತ್ತಾ? ಮನುಷ್ಯ ಮೇಕೆ ಆಗಬೇಕು ಅಂದುಕೊಳ್ಳಿ. ಕ್ಯಾಮೆರಾ ಅಲ್ಲಾಡದ ಹಾಗೆ ಬಿಗಿದು, ಒಂದಿಷ್ಟು ತೆಗೆದು, ನಿಲ್ಲಿಸಿ, ಆ ನಟನನ್ನು ಆಚೆ ಕಳಿಸಿ, ಅದೇ ಜಾಗಕ್ಕೆ ಮೇಕೆ ತಂದು ನಿಲ್ಲಿಸಿ, ಮತ್ತೆ ಕ್ಯಾಮೆರಾ ಓಡಿಸುವುದು. ಅಷ್ಟು ಹೊತ್ತೂ ಪಕ್ಕದಲ್ಲಿರುವವರು ಎತ್ತಿದ ಕೈ ಎತ್ತಿದ ಹಾಗೇ ಇರಬೇಕು. ಮೇಕೆ ಸುಮ್ನೆ ನಿಲ್ಲುವ ಪ್ರಾಣಿಯಂತೂ ಅಲ್ಲ. ಮುಂದಿನ ಸಲ ಮೇಕೆ ಬಿಟ್ಟು ಪಕ್ಕದವರ ಭುಜ ನೋಡಿ, ಚೂರು ಜರುಗಿರುತ್ತದೆ. ಆ ಬಿಸಿ ಲೈಟಿನ ಕೆಳಗೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದರು ಅಂತ ಗೊತ್ತಾಗುತ್ತದಲ್ಲ, ನನಗೆ ಅದು ಬಹಳ ಇಷ್ಟ.

ಸಿಐಡಿ 999 ವಿಷಯಕ್ಕೆ ಬರೋಣ. ದೊರೆ-ಭಗವಾನ್ ನಿರ್ದೇಶಕ ಜೋಡಿ 1968ರಲ್ಲಿ 'ಜೇಡರ ಬಲೆ' ತೆಗೆದಾಗ ರಾಜ್‌ಕುಮಾರ್ ಅಂದರೆ ಕಿರೀಟ, ಭಕ್ತಿ, ಪುರಾಣ. ಅವರಿಗೆ ಸೂಟು ತೊಡಿಸಿ ಕೈಗೆ ಪಿಸ್ತೂಲು ಕೊಡೋಕೆ ಧೈರ್ಯ ಬೇಕಿತ್ತು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ 'ಇಫ್ ಯು ಕಮ್ ಟುಡೇ' ಹಾಡು ಇದೆಯಲ್ಲ, ನಿಮ್ಮ ಗೆಳೆಯರು ಅದನ್ನು ಮೀಮ್ ಆಗಿ ಮಾತ್ರ ಕೇಳಿರುತ್ತಾರೆ. ಪೂರ್ತಿ ಕೇಳಲಿ. ರಾಜ್‌ಕುಮಾರ್ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿಯಲ್ಲಿ ಬೆಳೆದವರು, ಖಾಯಂ ಹಿನ್ನೆಲೆ ಗಾಯಕರಾಗಿ ಇನ್ನೂ ನಾಲ್ಕು ವರ್ಷ ಆಗಿದ್ದಾಗ ಇಂಗ್ಲಿಷ್ ಹಾಡಿಗೆ ಕೈ ಹಾಕಿದ್ದಾರೆ. ಒಂದು ಅಕ್ಷರವನ್ನೂ ನುಂಗದೆ, ರಂಗಗೀತೆ ಹಾಡುವಷ್ಟೇ ಶ್ರದ್ಧೆಯಿಂದ. 'ಇದು ನನ್ನದಲ್ಲ, ಸುಮ್ನೆ ತಮಾಷೆಗೆ' ಅನ್ನುವ ಧಾಟಿ ಎಲ್ಲೂ ಇಲ್ಲ. ಮೀಮ್ ಮಾಡುವವರಿಗೆ ನಗು ಬರುವುದೂ ಆ ಶ್ರದ್ಧೆ ಕಂಡೇ ಇರಬೇಕು ಅಂತ ನನ್ನ ಗುಮಾನಿ.

ಹಾಗಂತ ಇವೆಲ್ಲ ಮಹಾಕೃತಿಗಳು ಅಂತ ನೀವು ವಾದಕ್ಕೆ ನಿಲ್ಲಬೇಕಿಲ್ಲ. ನನಗೂ ತಕರಾರುಗಳಿವೆ. ಈ ಪತ್ತೇದಾರಿ ಸಿನಿಮಾಗಳ ಕ್ಯಾಬರೆ ಬಂದಾಗ ನಾನು ಕಾಫಿ ಮಾಡೋಕೆ ಎದ್ದು ಹೋಗುತ್ತೇನೆ, ಹೆಂಗಸರನ್ನು ತೋರಿಸುವ ರೀತಿ ಎಷ್ಟೋ ಕಡೆ ಸಿಟ್ಟು ತರಿಸುತ್ತದೆ. ಆದರೆ ಸಿಟ್ಟು ಬರಬೇಕಾದರೆ ಮೊದಲು ಏನಾದರೂ ನಿರೀಕ್ಷೆ ಇರಬೇಕಲ್ವಾ? ಕೆಟ್ಟದಾಗಿರಲಿ ಅಂತಲೇ ಕೂತವರಿಗೆ ಸಿನಿಮಾ ನಿರಾಸೆ ಮಾಡೋಕೂ ಆಗಲ್ಲ. ಚೆನ್ನಾಗಿರುವ ಜಾಗ ಬಂದರೆ ಅವರ ಕಣ್ಣಿಗೇ ಬೀಳಲ್ಲ, ಆಗ ಮುಂದಿನ ಜೋಕ್ ಹುಡುಕುತ್ತಿರುತ್ತಾರೆ.

ಗೆಳೆಯರ ಜೊತೆ ಜಗಳ ಬೇಡ. 'ಜೇಡರ ಬಲೆ'ಯಿಂದಲೇ ಶುರು ಮಾಡಿ, ಅದು ಇವತ್ತಿಗೂ ಚುರುಕಾಗಿ ಓಡುತ್ತದೆ. ಮೊದಲ ಅರ್ಧ ಗಂಟೆ ಯಾರೂ ಕಾಮೆಂಟರಿ ಕೊಡೋ ಹಾಗಿಲ್ಲ ಅಂತ ಮೊದಲೇ ಹೇಳಿಬಿಡಿ. ಆಮೇಲೂ ಬೋರಾದರೆ ಆಫ್ ಮಾಡಲಿ, ಪರವಾಗಿಲ್ಲ. ಉಳಿದದ್ದನ್ನು ನೀವು ಒಬ್ಬರೇ ನೋಡಿ.

— ಸಂ.