ಹೊಲಿಗೆ ಅಕ್ಕೋರಿಗೆ ಕೇಳಿ: ಇಳಕಲ್ ಮೇಲೆ ಗಂಡಸರ ಕೋಟು

ಈ ಸಲ ಜಂಪರ್ ಅಳತೆ, ಫಾಲ್-ಪಿಕೋದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಬೇಸರ ಮಾಡ್ಕೋಬೇಡಿ, ಮುಂದಿನ ತಿಂಗಳು ಉತ್ತರಿಸುತ್ತೇನೆ. ಐದು ಪತ್ರಗಳು ತಮ್ಮೊಳಗೆ ಮಾತಾಡಿಕೊಂಡು ಬಂದಂತೆ ಒಂದೇ ವಿಷಯ ಹಿಡಿದಿವೆ. ಬರೆದವರು ಅರವತ್ತು ದಾಟಿದವರು, ಇಲ್ಲವೇ ಅವರ ಹೊಸ ಹುರುಪಿಗೆ ಕಂಗಾಲಾದ ಮಕ್ಕಳು. ಎಲ್ಲರ ಕೈಯಲ್ಲೂ ಬೇರೆ ಯಾರೋ ತೊಟ್ಟು ಬಿಟ್ಟ ಬಟ್ಟೆ.

ಪ್ರಶ್ನೆ: ಅಕ್ಕೋರೇ, ನನಗೆ 63. ಹೋದ ತಿಂಗಳು ಹುಬ್ಬಳ್ಳಿಗೆ ಹೋದಾಗ ದುರ್ಗದ ಬೈಲ್‌ನಿಂದ ವಾಪಸ್ ಬರುವ ದಾರಿಯಲ್ಲಿ ಹಳೇ ಬಟ್ಟೆ ರಾಶಿ ಹಾಕಿಕೊಂಡು ಕೂತಿದ್ದರು. ಒಂದು ಗಂಡಸರ ಕೋಟು ಸಿಕ್ಕಿತು. ಬೂದು ಬಣ್ಣ, ಒಳಗೆ ನೀಲಿ ಅಸ್ತರ್. 180 ರೂಪಾಯಿ. ಮನೆಗೆ ಬಂದು ಇಳಕಲ್ ಸೀರೆಯ ಮೇಲೆ ಹಾಕಿ ಕನ್ನಡಿ ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ, ಚಲೋ ಕಂಡೆ. ಅಷ್ಟರಲ್ಲಿ ನೆಗೆಣ್ಣಿ ಬಂದು, "ಯಾರ ಮೈಮ್ಯಾಲಿಂದೋ ಏನೋ. ಸತ್ತವರದ್ದಿದ್ರ?" ಅಂದಳು. ಅವತ್ತಿನಿಂದ ಕೋಟು ಟ್ರಂಕಿನಲ್ಲಿದೆ. ತೊಡಲೋ ಬೇಡವೋ? ತೊಟ್ಟರೆ ಹೇಗೆ? (ಓದುಗಿ, ಧಾರವಾಡ)

ಉತ್ತರ: ಮೊದಲು ನಿಮ್ಮ ನೆಗೆಣ್ಣಿಗೆ ಒಂದು ಕೆಲಸ ಕೊಡಿ. ಮನೆಯ ಹಳೇ ಕೌದಿಯ ಒಂದು ಮೂಲೆ ಬಿಚ್ಚಿ ನೋಡಲಿ. ನಮ್ಮ ಮನೆಯ ಕೌದಿಯಲ್ಲಿ ನನ್ನ ಅಜ್ಜನ ಧೋತರ ಇದೆ, ಅತ್ತೆಯ ಎರಡು ಪತ್ತಲ ಇವೆ, ನಾನು ಸಣ್ಣವಳಿದ್ದಾಗ ತೊಟ್ಟ ಒಂದು ಪರಕಾರ (ಲಂಗ) ಇದೆ. ಅವರಲ್ಲಿ ನನ್ನೊಬ್ಬಳನ್ನು ಬಿಟ್ಟು ಯಾರೂ ಉಳಿದಿಲ್ಲ. ಮೊಮ್ಮಗಳು ಹುಟ್ಟಿದಾಗ ಅದೇ ಕೌದಿಯ ಮೇಲೆ ಮಲಗಿಸಿದೆವು. ಕೂಸಿಗೆ ಹೊಸ ಬಟ್ಟೆ ಚುಚ್ಚುತ್ತದೆ, ಹಳೇದೇ ಹಾಸ್ರಿ ಅಂತ ಹೇಳಿದವರು ಮನೆಯ ಹಿರಿಯರೇ.

ನಾವೆಲ್ಲ ಯಾರೋ ತೊಟ್ಟಿದ್ದನ್ನೇ ತೊಟ್ಟು ಬೆಳೆದವರು, ಅಲ್ವಾ? ಅಕ್ಕನ ಪರಕಾರ ಉದ್ದ ಮಡಚಿ ನಮಗೆ, ನಮ್ಮದು ತಂಗಿಗೆ. ಮದುವೆಯಾದ ಮೇಲೆ ಅತ್ತೆಯ ಸೀರೆ, ಆಯೇರಿಯ (ಮದುವೆ ಉಡುಗೊರೆಯ) ಸೀರೆ. ನಾನು ಬೀಗರಿಗೆ ಕೊಟ್ಟ ಆಯೇರಿ ಸೀರೆ ಮೂರು ಮದುವೆ ಸುತ್ತಿ ನಮ್ಮ ಮನೆಗೇ ವಾಪಸ್ ಬಂದಿದ್ದುಂಟು. ಮಡಿಕೆಯಲ್ಲಿ ನಾನೇ ಹಚ್ಚಿದ ಕುಂಕುಮದ ಬೊಟ್ಟು ಹಾಗೇ ಇತ್ತು! ಆದರೆ ಅದರಲ್ಲಿ ಒಂದನ್ನಾದರೂ ನಾವು ಆರಿಸಿದ್ದೆವಾ? ಬಣ್ಣ ಅವರದು, ಅಂಚು ಅವರದು, ಮೈ ಮಾತ್ರ ನಮ್ಮದು. ಈ ಕೋಟನ್ನು ನೀವೇ ರಾಶಿಯಿಂದ ಎಳೆದು, ಚೌಕಾಸಿ ಮಾಡಿ ತಂದಿದ್ದೀರಿ. ನೆಗೆಣ್ಣಿಯ ಕಣ್ಣಿಗೆ ಚುಚ್ಚಿದ್ದು ಅದೇ ಇರಬೇಕು ಅಂತ ನನ್ನ ಗುಮಾನಿ.

ಇನ್ನು ಸ್ವಚ್ಛತೆಯ ಮಾತು. ಇಲ್ಲಿ ಮಾತ್ರ ಆಕೆಯ ಅನುಮಾನ ಪೂರ್ತಿ ತಪ್ಪಲ್ಲ. ರಾಶಿಯಿಂದ ತಂದದ್ದನ್ನು ನೇರ ಟ್ರಂಕಿಗೆ ಹಾಕಿದ್ದೀರಲ್ಲ, ಅದು ತಪ್ಪು. ತಗಣಿ, ಹುಳ ಇದ್ದರೆ ಉಳಿದ ಬಟ್ಟೆಗೂ ಹಬ್ಬುತ್ತವೆ. ಇವತ್ತೇ ಹೊರಗೆ ತೆಗೆಯಿರಿ. ಕಾಲರ್ ಕೆಳಗೆ, ಹೊಲಿಗೆಯ ಸಂದಿನಲ್ಲಿ ಕಣ್ಣಾಡಿಸಿ, ಜೇಬುಗಳನ್ನು ಹೊರಮಗ್ಗುಲು ಮಾಡಿ ಜಾಡಿಸಿ. ಹತ್ತಿ ಬಟ್ಟೆಯಾಗಿದ್ದರೆ ಬಿಸಿನೀರು, ಬಿಸಿಲು, ಮೇಲೊಂದು ಬಿಸಿ ಇಸ್ತ್ರಿ ಸಾಕಿತ್ತು. ಕೋಟಿಗೆ ಅದು ನಡೆಯುವುದಿಲ್ಲ. ನಾನು ನಿವೃತ್ತಿಯಾದ ವರ್ಷ ಒಂದು ಕಂದು ಕೋಟು ತಂದಿದ್ದೆ. 29 ವರ್ಷ ಹೊಲಿಗೆ ಕಲಿಸಿದವಳೆಂಬ ಸೊಕ್ಕು ಬೇರೆ. ಬಕೆಟ್‌ನಲ್ಲಿ ಸೋಪಿನ ಪುಡಿ ಹಾಕಿ ನೆನೆಯಿಟ್ಟೆ. ಒಣಗಿದ ಮೇಲೆ ನೋಡಿದರೆ ಎದೆಯ ತುಂಬ ಗುಳ್ಳೆ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ. ಈಗಿನ ಬಹಳಷ್ಟು ಕೋಟುಗಳಿಗೆ ಎದೆಯ ಭಾಗದಲ್ಲಿ ಒಳಗಿನಿಂದ ಗಟ್ಟಿ ಬಟ್ಟೆ ಅಂಟಿಸಿರುತ್ತಾರೆ, ಟೇಲರ್‌ಗಳು ಫ್ಯೂಸಿಂಗ್ ಅನ್ನುತ್ತಾರೆ. ನೆನೆಯಿಟ್ಟರೆ ಆ ಅಂಟು ಬಿಡುತ್ತದೆ. ಎಷ್ಟು ಇಸ್ತ್ರಿ ಹಾಕಿದರೂ ಮತ್ತೆ ಸರಿಯಾಗಲಿಲ್ಲ. ನೀವು ಸುಮ್ನೆ ಡ್ರೈಕ್ಲೀನ್‌ಗೆ ಕೊಡಿ. ಕೋಟಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಆದೀತು, ಆದರೂ ಕೊಡಿ.

ತೊಡುವಾಗ ಮೊದಲು ಹೆಗಲು ನೋಡಿ. ತೋಳು ಕೂಡಿಸಿದ ಹೊಲಿಗೆ ನಿಮ್ಮ ಹೆಗಲಿನ ಎಲುಬಿಗಿಂತ ಒಂದು ಬೆರಳು ಹೊರಗಿದ್ದರೆ ನಡೆಯುತ್ತದೆ. ಮೂರು ಬೆರಳು ಇಳಿದರೆ ತಮ್ಮನ ಕೋಟು ಕದ್ದಂತೆ ಕಾಣುತ್ತದೆ. ಬಗಲು ಹಿಡಿಸಬಹುದು, ಉದ್ದ ಕಡಿಮೆ ಮಾಡಿಸಬಹುದು, ತೋಳು ಮೊಟಕು ಮಾಡಿಸಬಹುದು. ಹೆಗಲು ಮಾತ್ರ ಬಿಚ್ಚಿಸಲು ಹೋಗಬೇಡಿ. ಅದು ಅರ್ಧ ಕೋಟು ಹೊಸದಾಗಿ ಹೊಲಿದಷ್ಟೇ ಕೆಲಸ, ಯಾವ ಟೇಲರೂ ಮನಸ್ಸಿಟ್ಟು ಮಾಡುವುದಿಲ್ಲ. ಗುಂಡಿ ಬಲಕ್ಕಿದೆಯಲ್ಲ, ಗಂಡಸರದ್ದು ಅಂತ ಗೊತ್ತಾಗುತ್ತದಲ್ಲ ಅನ್ನಬೇಡಿ. ಗೊತ್ತಾಗಲಿ. ಸೀರೆಯ ಮೇಲೆ ಗುಂಡಿ ಹಾಕುವವರು ಯಾರು? ಬಿಟ್ಟುಕೊಂಡೇ ತೊಡಿ.

ಸೆರಗನ್ನು ಕೋಟಿನ ಒಳಗೆ ಸೇರಿಸಿದರೆ ಎಡ ಹೆಗಲು ಮೂಟೆ ಹೊತ್ತಂತೆ ಉಬ್ಬುತ್ತದೆ. ಸಾಲದ್ದಕ್ಕೆ ನಿಮ್ಮದು ಇಳಕಲ್‌ನ ತೋಪ ತೆನಿ ಸೆರಗು, ಗೋಪುರದಂಥ ಮೊನೆಗಳ ಸಾಲಿನದು, ಅದನ್ನು ಅಡಗಿಸುವುದುಂಟೇ? ಸೀರೆ ಉಟ್ಟು, ಸೆರಗು ಕೈಯಲ್ಲಿ ಹಿಡಿದು, ಮೊದಲು ಕೋಟು ಹಾಕಿ. ಆಮೇಲೆ ಸೆರಗನ್ನು ನಾಲ್ಕು ಬೆರಳಿನ ನಿರಿಗೆ ಮಾಡಿ ಕೋಟಿನ ಮೇಲಿಂದ ಎಡ ಹೆಗಲಿಗೆ ತಂದು ಒಂದು ಪಿನ್ ಹಾಕಿ. ತೋಳನ್ನು ಎರಡು ಮಡಿಕೆ ಮೇಲೆ ಮಡಚಿ. ಆ ನೀಲಿ ಅಸ್ತರ್ ಹೊರಗೆ ಬರುತ್ತದೆ, ಕೈಬಳೆಯೂ ಕಾಣುತ್ತವೆ. ಮೊಣಕೈ ಸವೆದಿದ್ದರೆ ಅದೂ ಒಳ್ಳೆಯದೇ. ಗುಳೇದಗುಡ್ಡ ಖಣದ (ಜಂಪರ್ ಹೊಲಿಸುವ ನೇಯ್ದ ಬಟ್ಟೆ) ಎರಡು ತುಂಡು ತಂದು ಅಂಡಾಕಾರಕ್ಕೆ ಕತ್ತರಿಸಿ ತೇಪೆ ಹಾಕಿ. ಖಣ ಅಂಚಿನಲ್ಲಿ ಎಳೆ ಬಿಡುತ್ತದೆ, ಸುತ್ತ ಅರ್ಧ ಇಂಚು ಒಳಗೆ ಮಡಚಿಯೇ ಹೊಲಿಯಬೇಕು.

ಒಮ್ಮೆಲೇ ಮದುವೆಗೆ ತೊಟ್ಟು ಹೋಗಬೇಡಿ. ಮೊದಲು ಜಿಟಿಜಿಟಿ ಮಳೆಯ ದಿನ ಕಾಯಿಪಲ್ಲೆ ತರಲು ತೊಟ್ಟು ಹೋಗಿ. ಜುಲೈ ತಿಂಗಳ ಧಾರವಾಡದಲ್ಲಿ ಕೋಟು ಯಾಕೆ ಅಂತ ಯಾರೂ ಕೇಳುವುದಿಲ್ಲ. ನೆಗೆಣ್ಣಿಯೇ ಒಂದು ದಿನ, "ಒಂದೀಟು ಕೊಡ ಇಲ್ಲೆ, ಹಾಲು ತರಾಕ ಹೋಗಬೇಕು" ಅಂದರೆ ನನಗೆ ಮರೆಯದೆ ಪತ್ರ ಬರೆಯಿರಿ.

ಪ್ರಶ್ನೆ: ನೌಕರಿಯಲ್ಲಿದ್ದಷ್ಟು ವರ್ಷ ಬಿಳಿ ಅಂಗಿ, ಕರಿ ಪ್ಯಾಂಟ್. ಬೇರೆ ಬಣ್ಣ ಮೈಗೆ ಹತ್ತಿಸಿದವನಲ್ಲ. ಬೆಂಗಳೂರಿನಿಂದ ಬಂದ ಮಗ ತನಗೆ ಬೇಡವಾದ ಅಂಗಿಗಳ ಚೀಲ ಇಟ್ಟು ಹೋಗಿದ್ದಾನೆ. ಚೌಕಡಿ ಇದೆ, ಹೂವಿನದಿದೆ, ಒಂದರ ತುಂಬ ಅನಾನಸ್ ಹಣ್ಣು. ನನಗೆ ಅನಾನಸ್ಸೇ ಇಷ್ಟ. ಮನೆಯಾಕೆ ನಗುತ್ತಾಳೆ, ಹೊಟ್ಟೆಯ ಹತ್ತಿರ ಗುಂಡಿಯೂ ಕೂಡುವುದಿಲ್ಲ. ವಯಸ್ಸು 68. (ಓದುಗ, ಗದಗ)

ಉತ್ತರ: ನಮ್ಮ ಕಾಲದಲ್ಲಿ ಅಂಗಿ ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು. ಈಗ ಮಗನಿಂದ ಅಪ್ಪನಿಗೆ ಏರುತ್ತಿದೆ. ಸರ್, ಅನಾನಸ್ ಬಿಡಬೇಡಿ. ಆದರೆ ಹೊಟ್ಟೆ ಒಳಗೆಳೆದುಕೊಂಡು ಗುಂಡಿ ಹಾಕುವ ಸಾಹಸ ಮಾತ್ರ ಬೇಡ. ಉಸಿರು ಬಿಟ್ಟಾಗ ಗುಂಡಿ ಹಾರಿ ಎದುರಿನವರ ಚಹಾದಲ್ಲಿ ಬಿದ್ದೀತು.

ನಿಮ್ಮದೇ ಒಂದು ಹಳೇ ಬಿಳಿ ಅಂಗಿ ತೆಗೆದುಕೊಳ್ಳಿ. ಅದರ ಬೆನ್ನಿನ ಬಟ್ಟೆ ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ಕಾಲರ್ ಮತ್ತು ತೋಳಿನ ಪಟ್ಟಿ ಮೊದಲು ಸವೆಯುವುದು. ಅದರಿಂದ ಎರಡು ಉದ್ದ ಪಟ್ಟಿ ಕತ್ತರಿಸಿ, ಅನಾನಸ್ ಅಂಗಿಯ ಎರಡೂ ಬಗಲಿನ ಹೊಲಿಗೆ ಬಿಚ್ಚಿಸಿ ನಡುವೆ ಕೂಡಿಸಲು ಹೇಳಿ. ಹೊಲಿದ ಮೇಲೆ ಒಂದೊಂದು ಕಡೆ ಎರಡು ಇಂಚು ಉಳಿದರೂ ಸುತ್ತಳತೆ ನಾಲ್ಕು ಇಂಚು ಹೆಚ್ಚುತ್ತದೆ. ಕೈ ಕೆಳಗೆ ಇಳಿಬಿಟ್ಟಾಗ ಪಟ್ಟಿ ಕಾಣುವುದೇ ಇಲ್ಲ. ಅಷ್ಟೆಲ್ಲ ಬೇಡ ಅನ್ನಿಸಿದರೆ ಬಿಳಿ ಅಂಗಿಯ ಮೇಲೆ ಅದನ್ನು ಗುಂಡಿ ಬಿಚ್ಚಿ ಹಾಕಿಕೊಳ್ಳಿ. ಬೆರಳಿನ ಗೆಣ್ಣು ನೋಯುವವರಾದರೆ ಒಳಗೆ ಪ್ರೆಸ್ ಬಟನ್ ಹಚ್ಚಿಸಿ, ಹಳೇ ಗುಂಡಿಯನ್ನು ಮೇಲೆ ಸುಮ್ನೆ ಶೋಕಿಗೆ ಹೊಲಿಸಿ. ಪ್ಯಾಂಟ್ ಕರಿಯದೇ ಇರಲಿ. ಭೀಷ್ಮ ಕೆರೆಯ ಕಡೆ ವಾಕಿಂಗ್ ಹೋದಾಗ ಗೆಳೆಯರು ಒಂದು ವಾರ ನಗುತ್ತಾರೆ. ಎರಡನೇ ವಾರ ನಿಮ್ಮ ಮಗನ ಚೀಲದಲ್ಲಿ ಇನ್ನೇನಿದೆ ಅಂತ ಕೇಳುತ್ತಾರೆ.

ಪ್ರಶ್ನೆ: ಹಳೇ ಸೀರೆ ಕತ್ತರಿಸಿ ಕುರ್ತಾ ಹೊಲಿಸುವ ಫ್ಯಾಷನ್ ನೋಡಿದರೆ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ನನ್ನ ಅವ್ವನ ಇಳಕಲ್ ಸೀರೆಯನ್ನು ಮಗಳು ಅದಕ್ಕೇ ಕೇಳುತ್ತಿದ್ದಾಳೆ. ನಾನೇ ಉಡೋಣವೆಂದರೆ ಮಡಿಕೆಯಲ್ಲಿ ಅಲ್ಲಲ್ಲಿ ಸೀಳಿದೆ, ಡಾಂಬರ್ ಗುಳಿಗೆಯ ವಾಸನೆ ಬೇರೆ. (ಓದುಗಿ, ಹಾವೇರಿ)

ಉತ್ತರ: ಕತ್ತರಿಯ ವಿಷಯದಲ್ಲಿ ನಾನು ಅರ್ಧ ನಿಮ್ಮ ಕಡೆ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಜಾಳಾಗಿ ಕಂಡ ಜಾಗವನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಎಳೆ ತಡೆದರೆ ಕತ್ತರಿ ಮುಟ್ಟಬೇಡಿ, ಉಡಿ. ಪರ್ ಅಂತ ಸೀಳಿದರೆ ಮಗಳಿಗೆ ಕೊಡಿ. ನಮ್ಮ ಅಜ್ಜಿಯಂದಿರು ಎರಡು ಹರಿದ ಸೀರೆಗಳ ಚಲೋ ಭಾಗ ಜೋಡಿಸಿ ಒಂದು ಮಾಡಿಕೊಂಡು ಉಟ್ಟವರು. ಕತ್ತರಿಗೆ ಅವರು ಹೆದರಿದವರಲ್ಲ, ದಂಡ ಮಾಡಲು ಹೆದರಿದವರು.

ಮಗಳಿಗೆ ಒಂದೇ ಷರತ್ತು ಹಾಕಿ. ಇಳಕಲ್‌ನಲ್ಲಿ ಮೈಯ ಹಾಸಿಗೂ (ಮಗ್ಗದ ಉದ್ದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆಯಿಂದ ಎಳೆಗೆ ಕೊಂಡಿ ಹಾಕಿ ನೇಯುತ್ತಾರೆ. ಆ ಕೊಂಡಿಯ ಸಾಲಿನ ಮೇಲೆ ಕತ್ತರಿ ಆಡಿಸಬಾರದು. ಅದರಿಂದ ಒಂದು ಗೇಣು ಈಚೆ ಕತ್ತರಿಸಿ, ಸೆರಗನ್ನು ಇಡಿಯಾಗಿ ಹೊದ್ದುಕೊಳ್ಳಲು ಇಟ್ಟುಕೊಳ್ಳಲಿ. ಅದನ್ನು ವಾರ ಬಿಟ್ಟು ವಾರ ನೀವೂ ಹೊದೆಯಬಹುದು.

ಸಣ್ಣ ತೂತುಗಳಿಗೆ ಕಸೂತಿ. ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು, ಮೇಲೆ ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಒಂದು ಗೋಪುರವೋ ತುಳಸಿ ಕಟ್ಟೆಯೋ ಹಾಕಿದರೆ ತೂತು ಎಲ್ಲಿತ್ತು ಅಂತ ನಿಮಗೇ ಮರೆಯುತ್ತದೆ. ಕಸೂತಿಗೆ ಎಳೆ ಎಣಿಸಬೇಕು, ನಮ್ಮ ವಯಸ್ಸಿನ ಕಣ್ಣಿಗೆ ಅದೇ ಕಷ್ಟ. ಶಾಲೆಯಲ್ಲಿ ಹುಡುಗಿಯರಿಗೆ ಹೇಳಿಕೊಡುತ್ತಿದ್ದ ಉಪಾಯ ಮಾಡಿ. ಅಂಗೈಯಷ್ಟು ಮ್ಯಾಟಿ ಬಟ್ಟೆಯನ್ನು (ಚೌಕ ಚೌಕವಾಗಿ ಜಾಳು ನೇಯ್ದದ್ದು) ಸೀರೆಯ ಮೇಲೆ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ. ಅದರ ಚೌಕ ಎಣಿಸಿಕೊಂಡು ಎರಡೂ ಬಟ್ಟೆ ಸೇರಿಸಿ ಹೊಲಿಯಿರಿ. ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಕೊನೆಯ ಎಳೆ ಬಂದಾಗ ಗೋಪುರ ಸೀರೆಯ ಮೇಲೆ ಕೂತಿರುತ್ತದೆ. ಅವಸರ ಮಾಡಿ ಎರಡೆರಡು ಎಳೆ ಎಳೆದರೆ ಎಲ್ಲ ಸುಕ್ಕಾಗುತ್ತದೆ.

ವಾಸನೆಗೆ ತೊಳೆಯುವ ಗಡಿಬಿಡಿ ಬೇಡ. ಡಾಂಬರ್ ಗುಳಿಗೆ ತಾನಾಗಿಯೇ ಗಾಳಿಗೆ ಆರಿ ಹೋಗುವಂಥದ್ದು. ನೆರಳಿನಲ್ಲಿ, ಗಾಳಿ ಆಡುವ ಕಡೆ ನಾಲ್ಕೈದು ದಿನ ಹರವಿ. ಕೆಂಪು ಸೆರಗಾದರೆ ತೊಳೆಯುವ ಮೊದಲು ಒದ್ದೆ ಬಿಳಿ ಕರ್ಚೀಫ್ ಒತ್ತಿ ಬಣ್ಣ ಬಿಡುತ್ತದಾ ನೋಡಿ. ಮತ್ತೆ ಇಡುವಾಗ ಹಳೇ ಮಡಿಕೆಯಲ್ಲೇ ಮಡಚಬೇಡಿ, ಸೀಳುವುದು ಅಲ್ಲೇ.

ಪ್ರಶ್ನೆ: ನಮ್ಮ ಅವ್ವನಿಗೆ 72. ಸೀರೆಯ ಕೆಳಗೆ ಮೊಮ್ಮಗನ ಹಳೇ ಬೂಟು, ಕೊರಳಲ್ಲಿ ಜಾತ್ರೆಯ ಮೂರು ಮಣಿಸರ. ಮನೆಯ ಮದುವೆಗೂ ಹೀಗೇ ಬರುತ್ತೇನೆ ಅನ್ನುತ್ತಾಳೆ. ಹೇಗೆ ತಡೆಯಲಿ? (ಓದುಗಿ, ಹುಬ್ಬಳ್ಳಿ)

ಉತ್ತರ: ತಡೆಯಬೇಡ ತಂಗಿ. ಜಾರುವ ಚಪ್ಪಲಿಗಿಂತ ಹಿಡಿತವಿರುವ ಬೂಟು ಆ ವಯಸ್ಸಿಗೆ ಎಷ್ಟೋ ವಾಸಿ. ಒಂದೇ ಮಾತು, ಹಳೇ ಬೂಟು ಮೊದಲು ತೊಟ್ಟವರ ಪಾದದ ಆಕಾರಕ್ಕೆ ತಗ್ಗಾಗಿರುತ್ತದೆ. ಒಳಗಿನ ಹಾಸು ಕಿತ್ತು ಹೊಸದು ಹಾಕಿಸಿಕೊಡು. ಸೀರೆಯನ್ನು ನೆಲದಿಂದ ಒಂದು ಇಂಚು ಮೇಲೆ ಉಡಲಿ, ನಿರಿಗೆ ಕಾಲಿಗೆ ಸಿಕ್ಕಬಾರದು.

ಮಣಿಸರಕ್ಕೆ ನಾಚಿಕೆ ಯಾಕೆ? ಅಮೆರಿಕದಲ್ಲಿ ಐರಿಸ್ ಆಪ್ಫೆಲ್ ಅಂತ ದೊಡ್ಡ ದುಂಡು ಕನ್ನಡಕದ ಅಜ್ಜಿಯೊಬ್ಬರಿದ್ದರು. ಸಂತೆಯಲ್ಲಿ ಕೊಂಡ ಅಗ್ಗದ ಸರ, ಬಳೆಗಳನ್ನು ದುಬಾರಿ ಉಡುಪಿನ ಮೇಲೆ ಹೇರಿಕೊಳ್ಳುತ್ತಿದ್ದರು. 2005ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಬಟ್ಟೆಬರೆ, ಸರಗಳನ್ನೇ ಪ್ರದರ್ಶನಕ್ಕಿಟ್ಟಿತು. ಆಗ ಅವರಿಗೆ 84. 97ರಲ್ಲಿ ಮಾಡೆಲಿಂಗ್ ಕರಾರಿಗೆ ಸಹಿ ಹಾಕಿದರು. 2024ರಲ್ಲಿ ತೀರಿಕೊಂಡಾಗ 102. ಆ ಲೆಕ್ಕದಲ್ಲಿ ನಿಮ್ಮ ಅವ್ವನದು ಇನ್ನೂ ಶುರು. ಮದುವೆಯಲ್ಲಿ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೋ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ, ನೀವೇನು ತೊಡ್ತೀರಿ ಅಕ್ಕೋರೇ? (ಓದುಗಿ, ಬೆಟಗೇರಿ)

ಉತ್ತರ: ಈಗ ಬರೆಯುತ್ತಾ ಕೂತಿರುವುದು ಗಜೇಂದ್ರಗಡದ ಕಡೆಯ ಪಟ್ಟೇದ ಅಂಚಿನ ಸೀರೆಯಿಂದ ಹೊಲಿದ ನಿಲುವಂಗಿಯಲ್ಲಿ. ಸೀರೆ ಅತ್ತೆಯದು. ಅದಕ್ಕೆ ಎರಡೂ ಮಗ್ಗುಲು ಒಂದೇ ಥರ. ಬಿಸಿಲಿಗೆ ಮಾಸಿದ ಕಡೆಯನ್ನು ಒಳಗೆ ಮಾಡಿ ಹೊಲಿದುಕೊಂಡೆ. ಅತ್ತೆ ಎಲೆ-ಅಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಅದರ ಬದಲು ನಾನು ಬಲಗಡೆ ಒಂದು ದೊಡ್ಡ ಜೇಬು ಇಟ್ಟಿದ್ದೇನೆ, ಗೇಣುದ್ದದ್ದು. ಮೊದಲ ದಿನ ನಮ್ಮ ಮನೆಯವರು ನೋಡಿ, "ಏನ್, ಕ‌ಂಡಕ್ಟರ್ ಆದ್ಯೇನು?" ಅಂದರು. ಅಳತೆಯ ಟೇಪು, ಬಸ್ಸಿನಲ್ಲಿ ತೋರಿಸಲು ಆಧಾರ್ ಕಾರ್ಡು, ಕನ್ನಡಕ ಎಲ್ಲ ಅದರಲ್ಲೇ. ಈಗ ಅವರ ಕನ್ನಡಕವೂ ಅದರಲ್ಲೇ ಇರುತ್ತದೆ.