ಚಳಿಗಾಲ, ಬಿಪಿ ಮಷೀನು ಮತ್ತು ನಿಂತುಹೋದ ಕಸೂತಿ

(ಆಪ್ತಸಲಹೆ ಪ್ರಕರಣ. ಒಂದಕ್ಕಿಂತ ಹೆಚ್ಚು ಕುಟುಂಬಗಳ ವಿವರ ಬೆರೆಸಿ, ಹೆಸರು, ವಯಸ್ಸು, ಮನೆಯ ಚಹರೆ ಬದಲಿಸಿ ಬರೆದದ್ದು.)

ಶಾಂತವ್ವ ಎಂದು ಕರೆಯೋಣ. ವಯಸ್ಸು 62, ಊರು ಧಾರವಾಡ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಮನೆಯಲ್ಲಿ ಪತಿ, ಕಿರಿಯ ಮಗ, ಸೊಸೆ, ಎರಡನೇ ತರಗತಿಯ ಮೊಮ್ಮಗಳು. ಹಿರಿಯ ಮಗ ಪುಣೆಯಲ್ಲಿ. ಡಿಸೆಂಬರ್ ಮೊದಲ ವಾರ ಸಲಹೆ ಕೇಳಿಕೊಂಡು ಬಂದದ್ದು ಶಾಂತವ್ವ ಅಲ್ಲ, ಸೊಸೆ.

"ಅತ್ತಿ ದಿನಕ್ಕ ಇಪ್ಪತ್ತ ಸಲ ಕರೀತಾರ್ರಿ. ಮಾರಿ ಸೊಟ್ಟ ಆಗೇತೇನ ನೋಡು ಅಂತಾರ. ಏನೂ ಆಗಿಲ್ರಿ ಅತ್ತಿ ಅಂದ್ರ ಐದ ನಿಮಿಷ ಆರಾಮ. ಆಮ್ಯಾಲ ಮತ್ತ ಕರೀತಾರ."

ಆ 'ಐದ ನಿಮಿಷ ಆರಾಮ' ಅನ್ನುವುದರಲ್ಲೇ ಇಡೀ ಪ್ರಕರಣ ಅಡಗಿತ್ತು.

ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಓಣಿಯಲ್ಲಿ ಇವರದೇ ವಯಸ್ಸಿನ ಒಬ್ಬರು ನಸುಕಿನಲ್ಲಿ ಬಚ್ಚಲಮನೆಯಲ್ಲಿ ಬಿದ್ದರು, ಲಕ್ವಾ. ಅದೇ ವಾರ ಆರೋಗ್ಯ ಶಿಬಿರವೊಂದರಲ್ಲಿ ಶಾಂತವ್ವನ ಬಿಪಿ 158/94 ಬಂತು. ಪುಣೆಯ ಮಗ ಆನ್‌ಲೈನಿನಲ್ಲಿ ಬಿಪಿ ಮಷೀನು ತರಿಸಿಕೊಟ್ಟ. ಎರಡನೇ ಭೇಟಿಗೆ ಶಾಂತವ್ವ ತಂದ ನೋಟ್‌ಬುಕ್ಕಿನಲ್ಲಿ ದಿನಕ್ಕೆ 14ರಿಂದ 18 ಅಳತೆಗಳಿದ್ದವು. ಶಿಕ್ಷಕಿಯಾಗಿದ್ದವರು, ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ಅಚ್ಚುಕಟ್ಟಾಗಿ ಬರೆದಿದ್ದರು. ಬೆಳಗಿನ 5:40ಕ್ಕೆ 171/98. ಮಧ್ಯಾಹ್ನ 3ಕ್ಕೆ, ಬಿಸಿಲಿನಲ್ಲಿ ಕೂತಾಗ 124/78. ಈ ಏರಿಳಿತವೇ ರೋಗ, ಯಾವತ್ತೋ ಒಂದು ಮುಂಜಾನೆ ನರ ಒಡೆಯುತ್ತದೆ ಎಂಬುದು ಅವರ ಲೆಕ್ಕ. ಅಂಕಿ ಕಡಿಮೆ ಬಂದ ದಿನ, ವೈದ್ಯರು ಬರೆದಿದ್ದ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದರು. ಹೆಚ್ಚು ಬಂದ ದಿನ ಇಡೀ ಮಾತ್ರೆ. ಬೆಳಗಿನ ನಡಿಗೆ ನಿಂತಿತ್ತು. ಮೂವತ್ತು ವರ್ಷ ಬಿಡದೆ ಮಾಡಿದ್ದ ಕಸೂತಿಯೂ ನಿಂತಿತ್ತು: ಸೂಜಿ ಹಿಡಿದರೆ ಬಲಗೈ ಬೆರಳು ಜೋಮು ಹಿಡಿಯುತ್ತಿದ್ದವು, ಅದು ಲಕ್ವಾದ ಮುನ್ಸೂಚನೆ ಎಂದು ಅವರು ನಂಬಿದ್ದರು.

ಮೊದಲು ವೈದ್ಯರು, ಆಮೇಲೆ ಮಾತು

ಆರೋಗ್ಯದ ಆತಂಕ ಕಂಡಾಗ 'ಎಲ್ಲಾ ಮನಸ್ಸಿಂದು' ಎಂದು ಹೇಳಿ ಕಳಿಸುವುದು ಸಲಹೆಗಾರರು ಮಾಡಬಹುದಾದ ದೊಡ್ಡ ತಪ್ಪು. ಇಲ್ಲಿ ಮನಸ್ಸಿನದಲ್ಲದ್ದೂ ಸಾಕಷ್ಟಿತ್ತು. ನಮ್ಮ ಆಪ್ತಸಲಹಾ ಕೇಂದ್ರದ ಪತ್ರದೊಂದಿಗೆ ಅವರು ತಮ್ಮ ವೈದ್ಯರನ್ನು ಮತ್ತೆ ಕಂಡರು. ಸಕ್ಕರೆ, ಥೈರಾಯ್ಡ್, ಬಿ12 ಪರೀಕ್ಷೆ ಆಯಿತು. ಜೋಮು ಎಲ್ಲಿ ಹಿಡಿಯುತ್ತದೆ ಎಂದು ಬೆರಳು ಬೆರಳಾಗಿ ಕೇಳಿದಾಗ ವಿಷಯ ಹೊರಬಿತ್ತು: ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳಿಗೆ ಏನೂ ಇಲ್ಲ. ರಾತ್ರಿ ಎಚ್ಚರವಾಗುತ್ತದೆ, ಕೈ ಕೊಡವಿದರೆ ಹೋಗುತ್ತದೆ. ಇದು ಮಣಿಕಟ್ಟಿನ ಒಳಗೆ ನರ ಒತ್ತಿಹೋಗುವುದರ ಲಕ್ಷಣ. ಸೂಜಿಯನ್ನು ಚಿವುಟಿ ಹಿಡಿದು, ಮಣಿಕಟ್ಟು ಬಗ್ಗಿಸಿ ಗಂಟೆಗಟ್ಟಲೆ ಕೂರುವವರಲ್ಲಿ ಅಪರೂಪವಲ್ಲ. ಲಕ್ವಾದ ಜೋಮು ಹೀಗೆ ಮೂರು ಬೆರಳು ಆರಿಸಿಕೊಂಡು, ವಾರಗಟ್ಟಲೆ ಬಂದು ಹೋಗಿ ಮಾಡುವುದಿಲ್ಲ. ಥಟ್ಟನೆ ಬರುತ್ತದೆ, ಸಾಮಾನ್ಯವಾಗಿ ಮುಖ, ಕೈ, ಕಾಲು ಒಂದೇ ಮಗ್ಗುಲಲ್ಲಿ. ರಾತ್ರಿ ಮಣಿಕಟ್ಟು ನೇರವಾಗಿಡುವ ಪಟ್ಟಿ ಕಟ್ಟಲು ವೈದ್ಯರು ಹೇಳಿದರು.

ಬಿಪಿ ಅಳೆಯುವ ರೀತಿಯಲ್ಲೂ ದೋಷವಿತ್ತು, ಒಂದಲ್ಲ ನಾಲ್ಕು. ಹೊದಿಕೆಯಿಂದ ಎದ್ದವರೇ ಮೂತ್ರಕ್ಕೂ ಹೋಗದೆ ಅಳೆಯುತ್ತಿದ್ದರು. ತುಂಬಿದ ಮೂತ್ರಕೋಶವೇ ಅಂಕಿ ಏರಿಸುತ್ತದೆ. ಸ್ವೆಟರ್ ತೋಳನ್ನು ಮೇಲಕ್ಕೆ ಸುತ್ತುತ್ತಿದ್ದರು, ಅದು ತೋಳನ್ನು ಬಿಗಿಯುತ್ತಿತ್ತು. ಮಷೀನಿನ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾಡಿದ್ದು, ಇವರ ತೋಳು 34. ಪಟ್ಟಿ ಚಿಕ್ಕದಾದಷ್ಟೂ ಅಂಕಿ ಇಲ್ಲದ ಎತ್ತರಕ್ಕೆ ಹೋಗುತ್ತದೆ. ನಾಲ್ಕನೆಯದು, ಅಳೆಯುವಾಗ ಪತಿಯೊಡನೆ ಮಾತು: "ಎಷ್ಟ ಬರತೈತೋ ಏನೋ." ಇದರ ಮೇಲೆ ಚಳಿ. ಡಿಸೆಂಬರಿನ ನಸುಕಿನಲ್ಲಿ ಚರ್ಮದ ರಕ್ತನಾಳಗಳು ಶಾಖ ಉಳಿಸಿಕೊಳ್ಳಲು ಸಂಕುಚಿಸುತ್ತವೆ, ಒತ್ತಡ ಸಹಜವಾಗಿಯೇ ಏರುತ್ತದೆ.

ಪಟ್ಟಿ ದೊಡ್ಡದು ತರಿಸಿ, ಕ್ರಮ ಹೀಗೆ ಬದಲಿಸಿದೆವು. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ ಇಲ್ಲ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರುವುದು. ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಸ್ವೆಟರಿನ ಒಂದು ತೋಳು ಪೂರ್ತಿ ಕಳಚಿ, ಬರಿ ತೋಳಿಗೆ ಪಟ್ಟಿ. ತೋಳು ಟೇಬಲ್ ಮೇಲೆ, ಎದೆಯ ಮಟ್ಟಕ್ಕೆ. ಒಂದು ನಿಮಿಷದ ಅಂತರದಲ್ಲಿ ಎರಡು ಅಳತೆ. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ, ಏಳು ದಿನ. ಮೊದಲ ದಿನದ ನಾಲ್ಕನ್ನು ಬಿಟ್ಟು ಉಳಿದ 24ರ ಸರಾಸರಿ. ಮನೆಯ ಅಳತೆಯಲ್ಲಿ ಈ ಸರಾಸರಿ 135/85 ಅಥವಾ ಮೇಲಿದ್ದರೆ ಬಿಪಿ ಇದೆ ಎಂದು ಲೆಕ್ಕ. ಶಾಂತವ್ವನದು 139/86. ಅಂದರೆ ಬಿಪಿ ಇತ್ತು. 171 ಇರಲಿಲ್ಲ. ವೈದ್ಯರು ಮಾತ್ರೆ ಮುಂದುವರಿಸಿ, ಅರ್ಧ ಮಾಡುವುದನ್ನು ಖಡಾಖಂಡಿತವಾಗಿ ನಿಲ್ಲಿಸಿದರು: ಅವತ್ತಿನ ಅಂಕಿ ನೋಡಿ ಮಾತ್ರೆ ಏರಿಸಿ ಇಳಿಸಿದರೆ ಏರುಪೇರನ್ನು ನಾವೇ ಮಾಡಿದಂತೆ.

ಶೇಗಡಿ

ಮೂರನೇ ಭೇಟಿಯಲ್ಲಿ, ಬೆಳಗಿನ ದಿನಚರಿ ಕೇಳುವಾಗ, ಯಾರೂ ಮುಖ್ಯವೆಂದು ಎಣಿಸದ ಒಂದು ಮಾತು ಬಂತು. ಎದ್ದಾಗ ತಲೆಭಾರ, ಸ್ವಲ್ಪ ವಾಕರಿಕೆ; ಅಂಗಳಕ್ಕೆ ಹೋಗಿ ಕೂತರೆ ಒಂಬತ್ತರ ಹೊತ್ತಿಗೆ ಇಳಿಯುತ್ತದೆ. ಪತಿಗೂ ತಲೆನೋವು, ಆದರೆ ಅವರು ಚಹಾ ಕುಡಿಯದ್ದಕ್ಕೆ ಅಂದುಕೊಂಡಿದ್ದರು. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರಿಗೂ ತಲೆನೋವು, ಹೊರಗೆ ಹೋದರೆ ಕಡಿಮೆ ಎಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಕೋಣೆಯಲ್ಲಿ ಏನು ಉರಿಯುತ್ತಿದೆ?

ಇದ್ದಿಲಿನ ಶೇಗಡಿ. ಅವ್ವನಿಗೆ ಚಳಿ ಆಗಬಾರದೆಂದು ಮಗನೇ ರಾತ್ರಿ ಕೆಂಡ ತುಂಬಿ ಕೋಣೆಯಲ್ಲಿಡುತ್ತಿದ್ದ. ಕಿಟಕಿ ಮುಚ್ಚಿ, ಮೇಲಿನ ಜಾಲಂಧ್ರಕ್ಕೆ ಹಳೇ ಲುಂಗಿ ತುರುಕಿದ್ದ. ಹೊಗೆ ಇಲ್ಲದ ಕೆಂಡ ಅಪಾಯವಿಲ್ಲ ಎಂಬುದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ನಂಬಿಕೆ. ಕೆಂಡದಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಮನೆಯವರು ಬೆರಳಿಗೆ ಆಕ್ಸಿಮೀಟರ್ ಹಾಕಿ 97 ನೋಡಿ ಸಮಾಧಾನಪಟ್ಟಿದ್ದರು. ಬೆರಳಿಗೆ ಹಾಕುವ ಆ ಸಾಧನಕ್ಕೆ ಈ ಅನಿಲ ಹಿಡಿದ ರಕ್ತಕ್ಕೂ ಆಮ್ಲಜನಕ ಹಿಡಿದ ರಕ್ತಕ್ಕೂ ವ್ಯತ್ಯಾಸ ತಿಳಿಯದು, ಎರಡೂ ಅದಕ್ಕೆ ಸರಿಯಾಗಿಯೇ ಕಾಣುತ್ತವೆ. (ಬೆರಳು ತಣ್ಣಗಿದ್ದಾಗ ಇದೇ ಸಾಧನ ಇಲ್ಲದ ಕೊರತೆ ತೋರಿಸಿ ಹೆದರಿಸುವುದೂ ಉಂಟು. ಚಳಿಗಾಲದಲ್ಲಿ ಇದರ ಮಾತನ್ನು ಅಷ್ಟಾಗಿ ನಂಬುವಂತಿಲ್ಲ.)

ಅವತ್ತೇ ವೈದ್ಯರಿಗೆ ತಿಳಿಸಿದೆವು, ಅವತ್ತಿನಿಂದಲೇ ಶೇಗಡಿ ಕೋಣೆಯಿಂದ ಹೊರಗೆ. ಬದಲಿಗೆ ಕಾಲುಚೀಲ, ಟೊಪ್ಪಿಗೆ, ಎರಡು ತೆಳು ಹೊದಿಕೆಯ ಮೇಲೊಂದು ಕೌದಿ, ಮಲಗುವ ಮುನ್ನ ಹಾಸಿಗೆ ಬೆಚ್ಚಗಾಗಿಸಲು ಬಟ್ಟೆ ಸುತ್ತಿದ ಬಿಸಿನೀರಿನ ಚೀಲ. ನಾಲ್ಕನೇ ದಿನಕ್ಕೆ ಇಬ್ಬರ ತಲೆನೋವೂ ಹೋಗಿತ್ತು. ಮಗ ತುಂಬಾ ನೊಂದುಕೊಂಡ. ಅವನೊಡನೆ ಬೇರೆಯಾಗಿ ಅರ್ಧ ಗಂಟೆ ಕೂರಬೇಕಾಯಿತು.

ಕೇಳುವುದು, ಹೇಳುವುದು

ಇಷ್ಟೆಲ್ಲ ಸರಿಯಾದ ಮೇಲೂ ಅಳೆಯುವ ಚಟ ಹೋಗಲಿಲ್ಲ. ಹೋಗುವುದೂ ಇಲ್ಲ. ಅನುಮಾನ ಬಂದಾಗ ಅಳೆದರೆ, ಇಲ್ಲವೇ ಸೊಸೆಯನ್ನು ಕೇಳಿದರೆ, ಐದು ನಿಮಿಷ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಮುಂದಿನ ಸಲ ಬೇಗ ಅಳೆಯುವಂತೆ ಮಾಡುತ್ತದೆ. ತುರಿಕೆ ಕೆರೆದುಕೊಂಡ ಹಾಗೆ.

ಮಷೀನನ್ನು ಬಚ್ಚಿಡುವ ಯೋಚನೆ ಪತಿಯದಾಗಿತ್ತು. ಬೇಡವೆಂದೆವು. ಬಚ್ಚಿಟ್ಟರೆ ಔಷಧದಂಗಡಿಗೆ ಹೋಗಿ ಅಳೆಸಿಕೊಳ್ಳುತ್ತಾರೆ, ಮೇಲಾಗಿ ಗಂಡ ಹೆಂಡತಿ ನಡುವೆ ಕಾವಲುಗಾರಿಕೆ ಶುರುವಾಗುತ್ತದೆ. ಮಷೀನು ಕಪಾಟಿನಲ್ಲಿ, ಕೀಲಿ ಶಾಂತವ್ವನ ಹತ್ತಿರವೇ. ಗೊತ್ತಾದ ಹೊತ್ತಿನ ಹೊರಗೆ ಅಳೆಯಬೇಕೆನಿಸಿದರೆ ಚೀಟಿಯಲ್ಲಿ ಸಮಯ ಬರೆದು, ಆಸೆ ಎಷ್ಟು ಗಟ್ಟಿ ಎಂದು ಹತ್ತಕ್ಕೆ ಅಂಕ ಹಾಕಿ, 15 ನಿಮಿಷ ತಡೆಯುವುದು. ಮತ್ತೆ ಅಂಕ ಹಾಕುವುದು. ಮಕ್ಕಳಿಗೆ ಅಂಕ ಹಾಕಿದ ಕೈಗೆ ಇದು ಒಗ್ಗಿತು. ಮೊದಲ ವಾರದ ಚೀಟಿಗಳಲ್ಲಿ 8 ಇದ್ದದ್ದು 15 ನಿಮಿಷಕ್ಕೆ 5ಕ್ಕೆ ಇಳಿದಿದ್ದು ಅವರಿಗೇ ಕಂಡಿತು, ಅಳೆಯದೆಯೇ. ಎರಡನೇ ವಾರ ಅರ್ಧ ಗಂಟೆ.

ಸೊಸೆಗೆ ಕೊಟ್ಟ ಕೆಲಸ ಇದಕ್ಕಿಂತ ಕಷ್ಟದ್ದು. ಫ್ರಿಜ್ಜಿನ ಮೇಲೆ ದೊಡ್ಡ ಅಕ್ಷರದ ಒಂದು ಪಟ್ಟಿ: ಮುಖ ಥಟ್ಟನೆ ಒಂದು ಕಡೆ ಜೋತುಬೀಳುವುದು, ಎರಡೂ ಕೈ ಎತ್ತಿದರೆ ಒಂದು ಕೆಳಗಿಳಿಯುವುದು, ಮಾತು ತೊದಲುವುದು, ಒಂದು ಕಣ್ಣಿನ ದೃಷ್ಟಿ ಥಟ್ಟನೆ ಹೋಗುವುದು, ಎದೆ ಬಿಗಿತದ ಜೊತೆ ಬೆವರು, ಹಿಂದೆಂದೂ ಬಾರದಂಥ ತಲೆಸಿಡಿತ. ಇದರಲ್ಲಿ ಒಂದಿದ್ದರೂ ಬಿಪಿ ಅಳೆಯುತ್ತ ಕೂರದೆ ನೇರ 108ಕ್ಕೆ ಫೋನು. ಲಕ್ಷಣ ಶುರುವಾದ ಗಳಿಗೆ ಬರೆದುಕೊಳ್ಳುವುದು, ಏಕೆಂದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಒಂದೇ ಉತ್ತರ, ಒಂದೇ ಸಲ: "ಅದು ಪಟ್ಟಿಯೊಳಗ ಇಲ್ರಿ ಅತ್ತಿ." ಎರಡನೇ ಸಲ ಕೇಳಿದರೆ ಸಿಡುಕದೆ ಮಾತು ಬೇರೆ ಕಡೆಗೆ. ಇದು ನಿಷ್ಠುರ ಎನಿಸಬಾರದೆಂದು ಶಾಂತವ್ವನ ಎದುರಿಗೇ, ಅವರ ಒಪ್ಪಿಗೆ ಪಡೆದು ಗೊತ್ತುಮಾಡಿದ್ದು. ಅವರಿಗೆ ಹೇಳದೆ ಮನೆಯವರು ಮಾತ್ರ ಒಳಗೊಳಗೇ ಪಾಲಿಸಿದರೆ, ಯಾರಿಗೂ ನನ್ನ ಚಿಂತೆ ಇಲ್ಲ ಎಂಬ ಹೊಸ ನೋವು ಹುಟ್ಟುತ್ತದೆ.

ಪುಣೆಯ ಮಗನಿಗೆ ದಿನವೂ ವಾಟ್ಸಾಪಿನಲ್ಲಿ ಅಂಕಿಯ ಫೋಟೊ ಹೋಗುತ್ತಿತ್ತು. ಅದು ನಿಂತು, ಬುಧವಾರ, ಭಾನುವಾರ ರಾತ್ರಿ ಎಂಟಕ್ಕೆ ಫೋನು. ಮೊದಲ ಹತ್ತು ನಿಮಿಷ ಬಿಪಿ ಮಾತಿಲ್ಲ. ಮೊದಲ ಭಾನುವಾರ ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯದೆ ನಾಲ್ಕು ನಿಮಿಷಕ್ಕೆ ಮುಗಿಯಿತು. ಆಮೇಲಾಮೇಲೆ ಬೆಳೆಯಿತು.

ಕಸೂತಿಗೆ ಮರಳಿದ್ದು

'ಮನಸ್ಸು ಬೇರೆ ಕಡೆ ಹೋಗಲಿ' ಎಂದು ಹವ್ಯಾಸ ಹಚ್ಚುವುದು ಅರ್ಧ ಸಲಹೆ. ಹೆದರಿಕೆಯಿಂದ ಓಡಲು ಸೂಜಿ ಹಿಡಿದರೆ, ಹೆದರಿಕೆ ಇದ್ದ ದಿನ ಕೈ ನಡೆಯುವುದಿಲ್ಲ, ಆಗ ಹವ್ಯಾಸವೂ ಸೋತಂತೆ ಕಾಣುತ್ತದೆ. ಅದಕ್ಕೇ ಮನಸ್ಸು ಹೇಗಿದ್ದರೂ ಸರಿ, ಗಡಿಯಾರ ನೋಡಿ ಕೂರುವುದು ಎಂದು ಗೊತ್ತುಮಾಡಿದೆವು.

ಬೆಳಿಗ್ಗೆ 11ಕ್ಕೆ, ಬಿಸಿಲು ಬೀಳುವ ಪಡಸಾಲೆಯಲ್ಲಿ. ಮೊದಲು ಕೈಗೆ ತಾಳುವಷ್ಟು ಬಿಸಿಯ ನೀರಿನಲ್ಲಿ ಐದು ನಿಮಿಷ ಎರಡೂ ಕೈ ಅದ್ದಿ, ಒರೆಸಿ, ಬೆರಳು ಹತ್ತು ಸಲ ಮಡಚಿ ಬಿಡಿಸುವುದು. 20 ನಿಮಿಷ ಹೊಲಿಗೆ, ಐದು ನಿಮಿಷ ಬಿಡುವು, ಮತ್ತೆ 20. ಮೊಣಕೈ ಕೆಳಗೆ ದಿಂಬು, ಮಣಿಕಟ್ಟು ಬಗ್ಗದಂತೆ. ಕೂರುವ ಮುಂಚೆ, ಎದ್ದ ಮೇಲೆ ಬಿಪಿ ಅಳೆಯುವಂತಿಲ್ಲ.

ಅರ್ಧಕ್ಕೆ ನಿಂತಿದ್ದದ್ದು ಕರಿ ಚಂದ್ರಕಾಳಿ ಸೀರೆ, ಸೊಸೆಗೆ ಸಂಕ್ರಾಂತಿಗೆಂದು. ಅದರಿಂದಲೇ ಶುರುಮಾಡುವೆ ಎಂದು ಹಟ ಹಿಡಿದರು. ಒಪ್ಪಲಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಸಂದನ್ನು ಮರಳಿ ಬರುವಾಗ ತುಂಬಬೇಕು, ಹೋಗುವಾಗ ಒಂದು ಎಳೆ ತಪ್ಪಿದರೆ ಮರಳುವಾಗ ಕೂಡುವುದೇ ಇಲ್ಲ. ಕರಿ ಬಟ್ಟೆಯ ಸಣ್ಣ ನೇಯ್ಗೆಯಲ್ಲಿ, ಅದೂ ನಡುಗುವ ಕೈಯಲ್ಲಿ, ಮೊದಲ ದಿನವೇ ತಪ್ಪಿದರೆ 'ಕೈ ಹೋಯಿತು' ಎಂಬುದಕ್ಕೆ ಪುರಾವೆ ಸಿಕ್ಕಂತೆ. ಹಾಗಾಗಿ ಎಳೆ ಎದ್ದು ಕಾಣುವ ಬಿಳಿ ಮ್ಯಾಟಿ ಬಟ್ಟೆಯ ತುಂಡಿನಲ್ಲಿ ಗವಂತಿಯ ಒಂದು ತುಳಸಿಕಟ್ಟೆ, ಅಂಕುಡೊಂಕಾಗಿ ಸಾಗುವ ಮುರ್ಗಿ ಹೊಲಿಗೆಯ ಒಂದು ಸಾಲು. ಹತ್ತು ದಿನ ಇಷ್ಟೇ. ಮೊಮ್ಮಗಳು ಪಕ್ಕದಲ್ಲಿ ಕೂತು ಎಳೆ ಎಣಿಸಿಕೊಟ್ಟಳು, ಯಾರೂ ಹೇಳಿಕೊಟ್ಟದ್ದಲ್ಲ.

ನಡಿಗೆ ಬೆಳಗಿನ ಆರರಿಂದ ಎಂಟೂವರೆಗೆ ಸರಿಯಿತು, ಸ್ನಾನ ಒಂಬತ್ತೂವರೆಗೆ. ಎದ್ದ ತಕ್ಷಣ ನಿಲ್ಲದೆ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂರುವುದು. ಊಟದಲ್ಲಿ ಬಾಳಕದ ಮೆಣಸಿನಕಾಯಿ, ಹಪ್ಪಳ, ಉಪ್ಪಿನಕಾಯಿ ಮೂರೂ ಒಟ್ಟಿಗೆ ಬೇಡ, ದಿನಕ್ಕೆ ಒಂದು. ಇಡೀ ದಿನದ ಉಪ್ಪು ಐದು ಗ್ರಾಮಿನ ಒಳಗೆ, ಅಂದರೆ ಚಹಾ ಚಮಚ ಒಂದಕ್ಕಿಂತ ಕಡಿಮೆ.

ಜನವರಿ ಮೊದಲ ವಾರ ಎಲ್ಲ ಹಿಂದಕ್ಕೆ ಬಿತ್ತು. ನೆಗಡಿ, ಮೂಗು ಕಟ್ಟಿತ್ತು. ಅಂಗಡಿಯಿಂದ ತಂದ ಮಾತ್ರೆ ಎರಡು ದಿನ ನುಂಗಿದರು. ಬಿಪಿ 162/96. ಮಧ್ಯರಾತ್ರಿ ಮನೆಮಂದಿಯೆಲ್ಲ ಎದ್ದರು, ಮರುದಿನ 11 ಸಲ ಅಳತೆ. ಮಾತ್ರೆಯ ಹಾಳೆ ತರಿಸಿ ವೈದ್ಯರಿಗೆ ತೋರಿಸಿದಾಗ ಅದರಲ್ಲಿ ಮೂಗು ಬಿಡಿಸಲು ರಕ್ತನಾಳ ಸಂಕುಚಿಸುವ ಔಷಧವಿತ್ತು. ಅದು ಮೂಗಿನ ನಾಳವನ್ನು ಮಾತ್ರ ಆರಿಸಿಕೊಂಡು ಸಂಕುಚಿಸುವುದಿಲ್ಲ. ಬಿಪಿ ಇರುವವರು ನೆಗಡಿ ಮಾತ್ರೆ, ಕೀಲುನೋವಿನ ಮಾತ್ರೆ ಎರಡನ್ನೂ ಕೇಳದೆ ತೆಗೆದುಕೊಳ್ಳಬಾರದು. ಮೂಗಿಗೆ ಉಪ್ಪುನೀರಿನ ಹನಿ, ಬಿಸಿನೀರಿನ ಹಬೆ ಸಾಕೆಂದರು. ಫ್ರಿಜ್ಜಿನ ಪಟ್ಟಿಯ ಕೆಳಗೆ ಇದೂ ಸೇರಿತು. ಮೂರು ದಿನದಲ್ಲಿ ಅಂಕಿ ಇಳಿಯಿತು. ಅಳೆಯುವ ಆಸೆ ಇಳಿಯಲು ಎರಡು ವಾರ ಹಿಡಿಯಿತು.

ವಾರಕ್ಕೊಮ್ಮೆ, 45 ನಿಮಿಷದಂತೆ, ಎಂಟು ಭೇಟಿ. ಆತಂಕ ಇನ್ನೂ ಇದ್ದು ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಮನೋವೈದ್ಯರನ್ನು ಕಾಣಲು ಹೇಳಿದ್ದೇವೆ. ಧಾರವಾಡದಲ್ಲೇ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಅಪರಾತ್ರಿಯಲ್ಲಿ ಮಾತಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಈಗ ಅಳತೆ ತಿಂಗಳಿಗೆ ಒಂದು ವಾರ, ವೈದ್ಯರ ಭೇಟಿಗೆ ಮುಂಚೆ. ಮುಖದ ಪ್ರಶ್ನೆ ದಿನಕ್ಕೆ ಒಂದೋ ಎರಡೋ ಸಲ ಇನ್ನೂ ಬರುತ್ತದೆ. ಚಂದ್ರಕಾಳಿ ಸಂಕ್ರಾಂತಿಗೆ ಮುಗಿಯಲಿಲ್ಲ. ಸೆರಗಿನ ತೇರಿನಲ್ಲಿ ಒಂದು ಗಾಲಿ ಬಾಕಿ ಇತ್ತು, ಸೊಸೆ ಹಾಗೇ ಉಟ್ಟುಕೊಂಡು ಎಳ್ಳು ಬೀರಲು ಹೋದರು.